ಅವರೆಗೆ ಹೇನು ಹತ್ತಿದ ವರ್ಷ

ಹೋದ ವಾರ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಾಲ್ಕನೇ ಮಹಡಿಯ ಹುಡುಗಿಯೊಬ್ಬಳು ದಾಸವಾಳದ ಮೊಗ್ಗಿನ ಫೋಟೊ ಹಾಕಿದಳು. ತೊಟ್ಟಿನ ತುಂಬ ಗಿಡದ ರಸ ಹೀರುವ ಹೇನು. 'ಇದಕ್ಕೆ ಏನು ಹೊಡೆಯಬೇಕು?' ಎಂದು ಕೇಳಿದ್ದಳು. ಹತ್ತು ನಿಮಿಷದೊಳಗೆ ಏಳು ಔಷಧಿಗಳ ಹೆಸರು ಬಂದವು. ಹೈದರಾಬಾದಿನ ನಮ್ಮ ಲಿಂಗಂಪಲ್ಲಿಯಲ್ಲಿ ನೀರಿಗೆ ಬರ ಬರಬಹುದು, ಸಲಹೆಗೆ ಬರುವುದಿಲ್ಲ. ನಾನು ಬರೆದೆ: 'ಏನೂ ಹೊಡೆಯಬೇಡ, ಏನೂ ಕೊಳ್ಳಬೇಡ. ನಾಳೆ ಬೆಳಿಗ್ಗೆ ನಾನೇ ಬರುತ್ತೇನೆ.' ಬರೆದ ಮೇಲೆ ಸ್ವಲ್ಪ ಗಟ್ಟಿಯಾಯಿತೇನೋ ಅನ್ನಿಸಿತು. ಅಳಿಸಲಿಲ್ಲ.

ಸಂಜೆ ಹತ್ತು ಅಂಟವಾಳದ ಕಾಯಿ ಒಡೆದು ನೀರಿಗೆ ಹಾಕಿಟ್ಟೆ. ತಲೆ ತೊಳೆಯುವ, ರೇಷ್ಮೆ ಸೀರೆ ಒಗೆಯುವ ನೊರೆಕಾಯಿ ಅದು. ಈ ಊರಿನವರು ಕುಂಕುಡುಕಾಯ ಅನ್ನುತ್ತಾರೆ. ಬೆಳಿಗ್ಗೆ ಮುಚ್ಚಳ ತೆಗೆದೆ. ಹುಳಿ ಬೆರೆತ, ಹಳೆಯ ಬೆಲ್ಲದಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕುಷಾಯಿಗೂಡದ ಮನೆಯ ತಾರಸಿಯ ಮೇಲಿದ್ದೆ. ಬೆಳಗಿನ ಐದೂಕಾಲು. ಕೈಯಲ್ಲಿ ಬಟ್ಟೆ ಇಸ್ತ್ರಿಗೆ ನೀರು ಚಿಮುಕಿಸುವ ಡಬ್ಬಿ. ಎದುರಿಗೆ ಕಪ್ಪಿಟ್ಟ ಅವರೆ ಬಳ್ಳಿ.

ಮಾದಾಪುರದಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ನಾನು ಮೈಸೂರಿನವಳು, ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಗಂಡ ಪ್ರಕಾಶ ಆಫೀಸಿನಲ್ಲೇ ಸಿಕ್ಕವನು. ಮನೆತನ ಬೀದರ್ ಕಡೆಯದು, ಹುಟ್ಟಿ ಬೆಳೆದದ್ದು ಹೈದರಾಬಾದಿನಲ್ಲಿ. ಮನೆಯೊಳಗೆ ಬೀದರ್ ಕನ್ನಡ, ಗೇಟು ದಾಟಿದರೆ ತೆಲುಗು, ತರಕಾರಿ ಗಾಡಿಯವನ ಹತ್ತಿರ ಹಿಂದಿ. ನನ್ನ ಮೈಸೂರು ಮಾತು ಕೇಳಿ ಅತ್ತೆ ಗುರಮ್ಮ, 'ರೇಡಿಯೋದಾಗ ಮಾತಾಡಿದಂಗ ಮಾತಾಡ್ತಾಳ ನೋಡ್ರಿ' ಎಂದು ನಗುತ್ತಿದ್ದರು. ಆರೂವರೆಗೆ ಕಂಪನಿಯ ಕ್ಯಾಬು ಬರುತ್ತಿತ್ತು. ಕುಷಾಯಿಗೂಡದಿಂದ ಮಾದಾಪುರಕ್ಕೆ ಊರಿನ ಈ ತುದಿಯಿಂದ ಆ ತುದಿ. ಅರ್ಧ ನಿದ್ದೆ ಅದರಲ್ಲೇ ಆಗುತ್ತಿತ್ತು. ನನ್ನ ಕೆಲಸ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ತಪ್ಪು ಕಂಡರೆ ಸಂಜೆಯೊಳಗೆ ಸರಿಯಾಗಬೇಕು ಎಂಬ ಹಟ ನನಗೆ ಆಫೀಸಿನಿಂದ ಬಂತೋ, ಹುಟ್ಟಿನಿಂದಲೇ ಇತ್ತೋ ಗೊತ್ತಿಲ್ಲ.

ಮಾವ ರೇವಣಸಿದ್ದಪ್ಪನವರು ಮನೆಯ ಹತ್ತಿರದ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ತಯಾರಾದ ಭಾಗಗಳನ್ನು ಕಣ್ಣಿಗೆ ಸಿಕ್ಕಿಸಿಕೊಳ್ಳುವ, ಸಣ್ಣದನ್ನು ದೊಡ್ಡದಾಗಿ ತೋರಿಸುವ ಗಾಜಿನಲ್ಲಿ ನೋಡಿ ಪಾಸು, ಫೇಲು ಹೇಳುವ ಕೆಲಸ. ಆ ವರ್ಷದ ಬೇಸಿಗೆಯಲ್ಲಿ ಸ್ವಯಂ ನಿವೃತ್ತಿ ಕೊಟ್ಟು ಮನೆಗೆ ಕಳಿಸಿದರು. 'ಸ್ವಯಂ' ಅನ್ನುವುದು ಕಾಗದದ ಮೇಲಿನ ಮಾತು. ಮನೆಗೆ ಬಂದವರು ಮಾತು ನಿಲ್ಲಿಸಿದರು. ಊಟಕ್ಕೆ ಕರೆದರೆ ಬರುವರು, ತಟ್ಟೆ ಅರ್ಧದಲ್ಲಿ ಬಿಟ್ಟು ಏಳುವರು. ಕಾರ್ಖಾನೆಯ ಸೈರನ್ನು ಕೇಳಿದ ಕೂಡಲೇ ಕೈಗಡಿಯಾರ ನೋಡುವರು. ಎರಡು ತಿಂಗಳು ಹೀಗೆ. ಅತ್ತೆ ದೇವರ ಮುಂದೆ ಕೂತು ಅಳುವುದನ್ನು ನಾನೇ ನೋಡಿದ್ದೇನೆ.

ಮಳೆಗಾಲ ಹಿಡಿದ ಮೇಲೆ ಒಂದು ಭಾನುವಾರ ಮಾವ ತಾವಾಗಿಯೇ ಎದ್ದು ನೀಲಿ ಡ್ರಮ್ಮೊಂದನ್ನು ಕೊಯ್ದು ಎರಡು ಮಾಡಿದರು. ತಾರಸಿಯ ಮೇಲೆ ಮಣ್ಣು ತುಂಬಿಸಿ ಚಪ್ಪರದವರೆಯ ಬೀಜ ಊರಿದರು. ಹಳೆಯ ಪೈಪುಗಳ ನಾಲ್ಕು ಕಾಲು ನಿಲ್ಲಿಸಿ ಚಪ್ಪರ ಕಟ್ಟಿದರು. ಅದರ ಮೂಲೆಗಳು ಕಾರ್ಖಾನೆಯ ಲೆಕ್ಕದಲ್ಲಿ ನೇರವಾಗಿದ್ದವು. ರಾತ್ರಿ ಊಟಕ್ಕೆ ಕೂತಾಗ, ತಿಂಗಳುಗಳ ನಂತರ ಒಂದು ಪೂರ್ತಿ ಮಾತು ಆಡಿದರು.

'ಈ ವರ್ಷ ಎಳ್ಳಮಾಸಿ ನಮ್ಮ ಹೊಲದಾಗ ಮಾಡೋಣ ಗುರಮ್ಮಾ.'

'ಯಾವ ಹೊಲ್ರೀ?' ಎಂದರು ಅತ್ತೆ.

ಮಾವ ಬೆರಳನ್ನು ಮೇಲಕ್ಕೆ, ತಾರಸಿಯ ಕಡೆಗೆ ತೋರಿಸಿದರು.

ಎಳ್ಳಮಾಸಿ ಎಂದರೆ ಎಳ್ಳಮಾವಾಸ್ಯೆ. ನಮ್ಮ ಮೈಸೂರಿನಲ್ಲಿ ಅದು ಸದ್ದಿಲ್ಲದೆ ಬಂದು ಹೋಗುತ್ತದೆ. ಬೀದರ್, ಕಲಬುರಗಿ ಕಡೆಯವರಿಗೆ ಮಾತ್ರ ವರ್ಷದ ದೊಡ್ಡ ಹಬ್ಬ. ಹಸಿ ಅವರೆ, ಹಸಿ ಕಡಲೆ, ಸೊಪ್ಪು ಎಲ್ಲ ಹಾಕಿ ಭಜ್ಜಿ ಎಂಬ ಪಲ್ಯ ಮಾಡಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಭೂಮಿತಾಯಿಗೆ ಎಡೆ ಇಟ್ಟು, ಒಬ್ಬರು ಅಡುಗೆಯನ್ನು ಹೊಲದ ಸುತ್ತ ಚೆಲ್ಲುತ್ತ ಮುಂದೆ ನಡೆದರೆ ಇನ್ನೊಬ್ಬರು ನೀರು ಚಿಮುಕಿಸುತ್ತ ಹಿಂದೆ ಬರಬೇಕು. ಮುಂದಿನವರು ಕೂಗುತ್ತಾರೆ, ಹಿಂದಿನವರು ಓಗೊಡುತ್ತಾರೆ. ಇದಕ್ಕೆ ಚರಗ ಚೆಲ್ಲುವುದು ಅನ್ನುತ್ತಾರೆ. ಹೈದರಾಬಾದಿಗೆ ಬಂದ ಮೇಲೆ ಮಾವ ಒಮ್ಮೆಯೂ ಚರಗ ಚೆಲ್ಲಿರಲಿಲ್ಲ. ಈ ವರ್ಷ ಚೆಲ್ಲುತ್ತೇನೆ ಎಂದರು, ಮತ್ತು ಅವತ್ತು ತಟ್ಟೆ ಖಾಲಿ ಮಾಡಿ ಎದ್ದರು.

ದೀಪಾವಳಿಯ ಹೊತ್ತಿಗೆ ಬಳ್ಳಿ ಚಪ್ಪರ ತುಂಬಿ ನೇರಳೆ ಹೂ ಬಿಟ್ಟಿತು. ಆಮೇಲೆ ಒಂದು ವಾರ ಮೋಡ ಕವಿದುಕೊಂಡಿತು. ಬಿಸಿಲಿಲ್ಲ, ಮಳೆಯಿಲ್ಲ, ಬರೀ ತಣ್ಣಗಿನ ಮಂಕು. ಆ ವಾರದಲ್ಲೇ ಹೇನು ಬಂದವು. ಮೊದಲು ಒಂದು ಚಿಗುರಿನಲ್ಲಿ ಎಳ್ಳು ಅಂಟಿಸಿದಂತೆ, ನಾಲ್ಕೇ ದಿನದಲ್ಲಿ ಹೂಗೊಂಚಲು, ತೊಟ್ಟು, ಎಳೆಗಾಯಿ ಎಲ್ಲ ಕಪ್ಪು. ಕೆಳಗಿನ ಎಲೆಗಳ ಮೇಲೆ ಜಿಗಟು. ಮಾವ ಒದ್ದೆ ಬಟ್ಟೆ ಹಿಡಿದು ಒಂದೊಂದೇ ಎಲೆ ಒರೆಸತೊಡಗಿದರು.

'ಒಂದು ಔಷಧಿ ಹೊಡೆದರೆ ಒಂದೇ ದಿನಕ್ಕೆ ಹೋಗುತ್ತೆ ಮಾವ' ಎಂದೆ.

'ಉಣ್ಣೋ ಕಾಯಿ ಮ್ಯಾಗ ವಿಷ ಬ್ಯಾಡವ್ವಾ. ಬ್ಯಾರೆ ಏನಾದ್ರೂ ನೋಡೋಣು.'

ನೋಡುವ ತಾಳ್ಮೆ ನನಗಿರಲಿಲ್ಲ. ಬೀಜ, ಗೊಬ್ಬರದ ಅಂಗಡಿಯಿಂದ ಒಂದು ಸಣ್ಣ ಬಾಟಲಿ ತಂದೆ. ಮರುದಿನ ಬೆಳಿಗ್ಗೆ ಎಲ್ಲರೂ ಏಳುವ ಮೊದಲೇ ತಾರಸಿಗೆ ಹೋಗಿ, ಅಂಗಡಿಯವನು ಹೇಳಿದ್ದಕ್ಕಿಂತ ಒಂದು ಮುಚ್ಚಳ ಹೆಚ್ಚೇ ಬೆರೆಸಿ, ಬಳ್ಳಿಗೆಲ್ಲ ಹೊಡೆದು ಕ್ಯಾಬು ಹತ್ತಿದೆ. ಯಾರಿಗೂ ಹೇಳಲಿಲ್ಲ. ಸಂಜೆ ಬಂದಾಗ ಹೇನು ಸತ್ತಿರುತ್ತವೆ, ಮಾವ ಖುಷಿಪಡುತ್ತಾರೆ, ಆಮೇಲೆ ಹೇಳಿದರಾಯಿತು ಎಂದುಕೊಂಡಿದ್ದೆ.

ಮಾವನಿಗೆ ಮೊದಲಿನಿಂದಲೂ ಸ್ವಲ್ಪ ದಮ್ಮು ಇತ್ತು. ಅವತ್ತು ನೆಗಡಿಯಾಗಿ ಮೂಗು ಕಟ್ಟಿತ್ತಂತೆ. ಎಂದಿನಂತೆ ಏಳು ಗಂಟೆಗೆ ಮೇಲೆ ಹೋಗಿ, ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು, ಬಳ್ಳಿಯೊಳಗೆ ಮುಖವಿಟ್ಟು ಅರ್ಧ ಗಂಟೆ ಎಲೆ ಒರೆಸಿದ್ದಾರೆ. ಹತ್ತು ಗಂಟೆಗೆ ಆಫೀಸಿಗೆ ಫೋನು ಬಂತು. ನಾನು, ಪ್ರಕಾಶ ನರ್ಸಿಂಗ್ ಹೋಮಿಗೆ ಓಡಿದಾಗ ಮಾವ ಆಮ್ಲಜನಕದ ಮುಖವಾಡ ಹಾಕಿಕೊಂಡು ಮಲಗಿದ್ದರು. ಉಸಿರು ಹಿಡಿತಕ್ಕೆ ಬಂದಿತ್ತು. ಡಾಕ್ಟರು ಕೇಳಿದರು: 'ಮನೆಯಲ್ಲಿ ಧೂಳು, ಹೊಗೆ, ಔಷಧಿ, ಏನಾದರೂ?'

'ಧೂಳೇ ಸಾರ್' ಎಂದ ಪ್ರಕಾಶ. 'ಮನೆ ಹಿಂದೆ ಬಂಡೆ ಒಡೆದು ಅಪಾರ್ಟ್‌ಮೆಂಟು ಕಟ್ಟುತ್ತಿದ್ದಾರೆ. ತಾರಸಿ ಮೇಲೆಲ್ಲ ಅದೇ ಧೂಳು.'

ಡಾಕ್ಟರು ನನ್ನ ಕಡೆಗೂ ನೋಡಿದರು. ನಾನು ಬಾಯಿ ಬಿಡಲಿಲ್ಲ. ವೈದ್ಯರ ಎದುರು, ಮಲಗಿದ ಮನುಷ್ಯನ ಎದುರು ನಾನು ಸುಮ್ಮನೆ ನಿಂತೆ. ಬದುಕಿನಲ್ಲಿ ನಾನು ಮಾಡಿದ ಅತ್ಯಂತ ನೀಚ ಕೆಲಸ ಯಾವುದು ಎಂದರೆ ಇದೇ. ಬಾಟಲಿಯನ್ನು ಮರುದಿನ ಪೇಪರಿನಲ್ಲಿ ಸುತ್ತಿ ಆಫೀಸಿನ ಕಸದ ಬುಟ್ಟಿಗೆ ಹಾಕಿ ಬಂದೆ.

ಎರಡು ದಿನ ಬಿಟ್ಟು ಮಾವ ಮನೆಗೆ ಬಂದರು. ಆ ಎರಡು ದಿನದಲ್ಲಿ ಮನೆಯ ಕಾನೂನು ಬದಲಾಗಿತ್ತು. ಹಿಂದಿನ ಕಿಟಕಿಗಳೆಲ್ಲ ಬಂದ್. ಮಾವ ತಾರಸಿ ಹತ್ತುವಂತಿಲ್ಲ. ಪ್ರಕಾಶ ದಿನಾ ಬೆಳಿಗ್ಗೆ ಕ್ಯಾಬು ಬರುವ ಮೊದಲು ಬಂಡೆ ಒಡೆಯುವವರ ಮೇಸ್ತ್ರಿಯ ಹತ್ತಿರ ಹೋಗಿ ತೆಲುಗಿನಲ್ಲಿ ಜಗಳ ಆಡಿ ಬರುತ್ತಿದ್ದ. ಪಾಪ ಆ ಮೇಸ್ತ್ರಿ ಹಸಿರು ಪರದೆ ಕಟ್ಟಿಸಿದ, ನೀರು ಹೊಡೆಸಿದ, ಕೊನೆಗೆ ಪ್ರಕಾಶನನ್ನು ಕಂಡರೆ ಶೆಡ್ಡಿನೊಳಗೆ ಸೇರಿಕೊಳ್ಳತೊಡಗಿದ. ಅತ್ತೆ ಗಂಡನ ಉಸಿರಿಗಾಗಿ ಹನ್ನೊಂದು ವಾರದ ಹರಕೆ ಹೊತ್ತರು: ದಿನವೂ ಬೆಳಿಗ್ಗೆ ತಾರಸಿಯ ಮೇಲೆ ಇರುವೆಗಳಿಗೆ ಹಿಡಿ ರವೆ, ಸಕ್ಕರೆ. ಮಾವ ಮುಚ್ಚಿದ ಕೋಣೆಯಲ್ಲಿ ಮತ್ತೆ ಮೊದಲಿನಂತೆ ಮೌನವಾಗಿ ಕೂತರು. ಒಂದೇ ಸಲ ಕೇಳಿದರು: 'ಅವರಿ ಹ್ಯಾಂಗ ಐತಿ?'

ಅವರೆ ಕೆಟ್ಟಿತ್ತು. ವಿಷ ಬಿದ್ದ ಹೂ, ಕಾಯಿ ಯಾರ ಹೊಟ್ಟೆಗೂ ಹೋಗಬಾರದೆಂದು ನಾನೇ ಎಲ್ಲವನ್ನೂ ಕಿತ್ತು ಎಸೆದಿದ್ದೆ. ಅತ್ತೆಗೆ 'ಹೇನು ಹತ್ತಿದ ಕಾಯಿ ತಿನ್ನಬಾರದು' ಎಂದೆ. ಮೊದಲ ವಾರ ಒಂದು ಹೇನೂ ಇರಲಿಲ್ಲ. ಎರಡನೆಯ ವಾರ ಹೊಸ ಚಿಗುರಿಗೆ ಮೊದಲಿಗಿಂತ ದುಪ್ಪಟ್ಟು ಬಂದು ಕೂತವು. ಇಷ್ಟು ಅನಾಹುತ ಮಾಡಿದ ಔಷಧಿ ತನ್ನ ಕೆಲಸವನ್ನೂ ಮಾಡಿರಲಿಲ್ಲ. ಎಳ್ಳಮಾಸಿಗೆ ಆರು ವಾರ ಉಳಿದಿತ್ತು. ಅವತ್ತು ತಾರಸಿಯ ಮೇಲೆ ನಿಂತು ತೀರ್ಮಾನ ಮಾಡಿದೆ: ಒಂದು ಹನಿ ವಿಷವಿಲ್ಲದೆ ಈ ಬಳ್ಳಿಯನ್ನು ಉಳಿಸುತ್ತೇನೆ, ಎಳ್ಳಮಾಸಿಗೆ ಇದರ ಕಾಯಿ ಅಡುಗೆಮನೆಗೆ ಬರುತ್ತದೆ. ಹಾಗೆ ಮಾಡಿದರೆ ನನ್ನ ತಪ್ಪು ಹೇಗೋ ಸರಿಹೋಗುತ್ತದೆ ಎಂದು ನಂಬಿದ್ದೆ.

ಬೆಳಿಗ್ಗೆ ಐದೂಕಾಲಿಗೆ ಏಳತೊಡಗಿದೆ. ತೀರಾ ಕಪ್ಪಾದ ಕುಡಿಗಳನ್ನು ಚಿವುಟಿ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದೆ. ಎಲೆಗಳ ಕೆಳಮೈಗೆ ಬರೀ ನೀರನ್ನು ಜೋರಾಗಿ ಹೊಡೆದೆ. ಸಾಲಲಿಲ್ಲ. ಅತ್ತೆಯ ಅಂಟವಾಳದ ಡಬ್ಬಿ ಕಣ್ಣಿಗೆ ಬಿತ್ತು. ಸಾಬೂನಿನ ನೀರಿಗೆ ಹೇನು ಸಾಯುತ್ತವೆಂದು ಎಲ್ಲೋ ಕೇಳಿದ್ದೆ. ಒಂದು ಬೊಗಸೆ ಕಾಯಿ ಕುದಿಸಿ ಗಟ್ಟಿ ಕಷಾಯ ಮಾಡಿ ಇಡೀ ಬಳ್ಳಿಗೆ ಹೊಡೆದೆ. ಹೇನು ಉದುರಿದವು. ಎರಡು ದಿನಕ್ಕೆ ಎಳೆಯ ಎಲೆಗಳೂ ಸುಟ್ಟಂತೆ ಕಂದಿದವು. ನನಗೆ ಅಳು ಬಂತು. ಒಂದು ಕಂದಿದ ಎಲೆ ಹಿಡಿದು ಕೆಳಗಿಳಿದು ಮಾವನ ಎದುರಿಗೆ ನಿಂತೆ.

ಅವರು ಬಹಳ ಹೊತ್ತು ಎಲೆ ತಿರುಗಿಸಿ ನೋಡಿದರು.

'ಎಷ್ಟು ನೀರಿಗೆ ಎಷ್ಟು ಕಾಯಿ?'

'ಅಳತೆ ಮಾಡಲಿಲ್ಲ ಮಾವ.'

'ಎಲ್ಲಾ ಬಳ್ಳಿಗೂ ಒಮ್ಮೆಲೇ ಹೊಡದಿ?'

'ಹೂಂ.'

'ನಿನ್ನ ಕೆಲಸ ಏನವ್ವಾ ಆಫೀಸಿನ್ಯಾಗ? ಟೆಸ್ಟಿಂಗ್ ಅಂತೀ. ಒಂದು ಎಲಿ ಮ್ಯಾಗ ಹೊಡದು ಎರಡು ದಿವ್ಸ ನೋಡಬೇಕಂತ ಯಾರೂ ಹೇಳಿಕೊಟ್ಟಿಲ್ಲೇನು?'

ಆಸ್ಪತ್ರೆಯಿಂದ ಬಂದ ಮೇಲೆ ಅವರು ಅಷ್ಟು ಮಾತಾಡಿದ್ದು ಅದೇ ಮೊದಲು. ಬೈಸಿಕೊಂಡು ನನಗೆ ಜೀವ ಬಂದಂತಾಯಿತು.

ಅಂದಿನಿಂದ ನಮ್ಮಿಬ್ಬರ ಪಾಳಿ ಶುರುವಾಯಿತು. ನಾನು ಮೇಲೆ, ಅವರು ಕೆಳಗೆ. ಬೆಳಿಗ್ಗೆ ಸ್ಟೀಲಿನ ಡಬ್ಬಿಯಲ್ಲಿ ಒಂದು ಕುಡಿ ತಂದುಕೊಟ್ಟು ಕ್ಯಾಬು ಹತ್ತುವೆ. ಹಗಲೆಲ್ಲ ಅವರು ಅದನ್ನು ಗಾಜಿನಲ್ಲಿ ನೋಡುವರು. ಸಂಜೆ ನಾನು ಬಂದು ಕಾಲು ತೊಳೆಯುವಷ್ಟರಲ್ಲಿ ಪ್ರಶ್ನೆಗಳು ತಯಾರಿರುತ್ತಿದ್ದವು. 'ಕಡಿಮೆ ಆಗಿದೆ' ಎಂದರೆ ಒಪ್ಪುವ ಮನುಷ್ಯನಲ್ಲ. ಎಲ್ಲಿ ಕಡಿಮೆ, ಯಾವಾಗಿನಿಂದ, ಎಷ್ಟು ಕುಡಿಯಲ್ಲಿ? ಹತ್ತು ಕಾಯಿಗೆ ಎರಡು ಲೀಟರು ನೀರು ಎಂಬ ಅಳತೆ ಹಾಗೆ ಹುಟ್ಟಿತು. ಒಂದು ಎಲೆಗೆ ಹೊಡೆದು, ಎರಡು ದಿನ ಕಾದು, ಆಮೇಲೆ ಉಳಿದದ್ದಕ್ಕೆ. ಬಿಸಿಲೇರುವ ಮೊದಲೇ ಹೊಡೆಯಬೇಕು, ಸ್ವಲ್ಪ ಹೊತ್ತು ಬಿಟ್ಟು ಬರೀ ನೀರಿನಲ್ಲಿ ತೊಳೆಯಬೇಕು, ಎಲೆಯ ಬೆನ್ನು ಮರೆಯಬಾರದು.

ಹೇನು ಕಡಿಮೆಯಾದವು. ಆದರೆ ಮೂರು ದಿನ ಬಿಟ್ಟರೆ ಮತ್ತೆ ಅಲ್ಲೇ. ಮೇಲಾಗಿ ಹೊಸದೊಂದು ಹುಳು ಬಂದಿತ್ತು: ಕಪ್ಪು ಮೈ, ಕಿತ್ತಳೆ ಚುಕ್ಕೆ, ಮೈಮೇಲೆ ಮುಳ್ಳು, ನೋಡಿದರೆ ಅಸಹ್ಯ. ಹೇನು ಸಾಲದೆಂದು ಇದು ಬೇರೆ ಎಂದು ಹಲ್ಲು ಕಚ್ಚಿ ಕಂಡಕಂಡಲ್ಲಿ ಹೊಸಕಿ ಹಾಕುತ್ತಿದ್ದೆ. ಹತ್ತು ದಿನ ಹೊಸಕಿದ ಮೇಲೆ ಒಂದನ್ನು ಮಾವನಿಗೆ ತೋರಿಸೋಣವೆಂದು ಕುಡಿಯ ಸಮೇತ ಡಬ್ಬಿಯಲ್ಲಿ ಕೊಟ್ಟುಹೋದೆ. ಮಧ್ಯಾಹ್ನ ಆಫೀಸಿಗೆ ಫೋನು. ಆ ಕಡೆಯಿಂದ ಮಾವನ ದನಿ, ಕೂಗಿದಂತೆ:

'ಶೈಲಾ, ಆ ಹುಳ ಹೇನು ತಿನ್ನಾಕತ್ತೈತಿ! ನಾ ಕುಂತು ನೋಡಾಕತ್ತೀನಿ, ಮುಂಜಾನಿಂದ ಇಪ್ಪತ್ತೆರಡು ತಿಂದದ! ಅದನ್ನ ಕೊಲ್ಲಬ್ಯಾಡ!'

ನಾಲ್ಕೈದು ದಿನಕ್ಕೆ ಅದೇ ಹುಳು ಡಬ್ಬಿಯ ಮುಚ್ಚಳಕ್ಕೆ ಅಂಟಿಕೊಂಡು ಗೂಡಾಗಿ, ಇನ್ನೊಂದು ವಾರಕ್ಕೆ ಅದರಿಂದ ಕೆಂಪು ಗುಲಗಂಜಿ ಹುಳು ಹೊರಬಂತು. ಚಿಕ್ಕಂದಿನಲ್ಲಿ ಬೆಂಕಿಪೆಟ್ಟಿಗೆಯಲ್ಲಿ ಇಟ್ಟುಕೊಂಡು ಆಡಿದ ಚುಕ್ಕೆಯ ಹುಳು. ಚಂದದ ತಾಯಿಗೆ ಇಂಥ ಮುಳ್ಳುಮುಳ್ಳಿನ ಮರಿ ಇರುತ್ತದೆಂದು ಯಾರಿಗೆ ಗೊತ್ತು? ವಿಷ ಹೊಡೆದು ತಾಯಂದಿರನ್ನು ಕೊಂದಿದ್ದೆ. ತಾವಾಗಿ ಮರಳಿ ಬಂದವರ ಮರಿಗಳನ್ನು ಉಗುರಿನಲ್ಲಿ ಹೊಸಕಿದ್ದೆ. ಅಂದಿನಿಂದ ಬಳ್ಳಿಯ ಅರ್ಧ ಭಾಗಕ್ಕೆ ಅಂಟವಾಳವನ್ನೂ ಮುಟ್ಟಿಸಬೇಡ, ಮರಿಗಳಿಗೆ ಬಿಡು ಎಂದು ಮಾವ ಹುಕುಂ ಮಾಡಿದರು.

ಆದರೂ ಮರಿಗಳು ಬಳ್ಳಿಯ ಮೇಲೆ ನಿಲ್ಲುತ್ತಿರಲಿಲ್ಲ. ಒಂದು ಬೆಳಿಗ್ಗೆ ಯಾಕೆಂದು ಕೂತು ನೋಡಿದೆ. ಮರಿ ಹೇನಿನ ಹತ್ತಿರ ಹೋದೊಡನೆ ಇರುವೆಗಳು ಮುತ್ತಿ ಕಚ್ಚಿ ಕೆಳಗೆ ಬೀಳಿಸುತ್ತಿದ್ದವು. ಹೇನಿನ ಹಿಂಭಾಗದಿಂದ ಬರುವ ಸಿಹಿ ಜಿಗಟನ್ನು ಅವು ಹಾಲು ಕರೆದುಕೊಂಡಂತೆ ಕುಡಿಯುತ್ತಿದ್ದವು. ಕಾವಲು ಕಾಯುತ್ತಿದ್ದುದು ಅದಕ್ಕೆ. ಇರುವೆಗಳ ಸಾಲು ಹಿಡಿದು ಹಿಂದಕ್ಕೆ ಹೋದೆ. ಚಪ್ಪರದ ಕಾಲಿನಿಂದ ಇಳಿದು, ಡ್ರಮ್ಮಿನ ಬುಡಕ್ಕೆ ಬಂದು, ಅಲ್ಲಿ ಅತ್ತೆ ಹಾಕಿದ ರವೆ, ಸಕ್ಕರೆಯ ಗುಡ್ಡೆಗೆ ಸೇರಿತು.

ಅತ್ತೆಗೆ ಹೇಳುವುದು ಹೇಗೆ? ಎರಡು ದಿನ ನುಂಗಿಕೊಂಡೆ. ಮೂರನೆಯ ದಿನ ಅವರು ರವೆಯ ಡಬ್ಬಿ ಹಿಡಿದು ಮೆಟ್ಟಿಲು ಹತ್ತುವಾಗ ಕೇಳಿಯೇಬಿಟ್ಟೆ: 'ಅತ್ತೆ, ಇರುವೆಗೆ ಹಾಕೋದು ಸ್ವಲ್ಪ ದಿನ ನಿಲ್ಲಿಸೋಕೆ ಆಗುತ್ತಾ?'

'ಯಾಕ?' ಎಂದರು. ಇರುವೆಗಳು ಹೇನನ್ನು ಕಾಯುವುದನ್ನು ಹೇಳಿದೆ. ಅತ್ತೆಯ ಮುಖ ಸಣ್ಣದಾಯಿತು. 'ಅವರ ಉಸುರಿನ ಹರಕಿ ಅದು ಶೈಲಾ. ನಡುವ ಬಿಟ್ಟು ನಾಳೆ ಏನಾರ ಆದ್ರ ನಾ ಯಾರ ಮಾರಿ ನೋಡ್ಲಿ? ಧೂಳು ನಿಲ್ಸಾಕ ನನ್ನ ಕೈಲಿ ಆಗಂಗಿಲ್ಲ. ಇಷ್ಟರ ಮಾಡ್ತೀನಿ.'

ನನ್ನ ಸುಳ್ಳಿಗೆ ಈ ಹೆಂಗಸು ದಿನಾ ಹಿಡಿ ಸಕ್ಕರೆ ಸುರಿಯುತ್ತಿದ್ದಾಳೆ. ಅದಕ್ಕೆ ಹೇನು ಬೆಳೆಯುತ್ತಿವೆ. ನಾನು ಮೆಟ್ಟಿಲ ಮೇಲೆಯೇ ಕುಳಿತೆ. ಆಗಲೇ ಹೇಳಬೇಕಿತ್ತು.

ಒಳಗಿನಿಂದ ಮಾವ ಎಲ್ಲ ಕೇಳಿಸಿಕೊಂಡಿದ್ದರು. 'ಗುರಮ್ಮಾ, ಹರಕಿ ಬಿಡಬ್ಯಾಡ. ಊಟದ ಜಾಗಾ ಬದಲ ಮಾಡು. ಗೇಟಿನ ಹಂತ್ಯಾಕ ಬೇವಿನ ಗಿಡದ ಬುಡಕ್ಕ ಹಾಕು' ಎಂದರು. ಆಮೇಲೆ ನನ್ನನ್ನು ಕರೆದರು. 'ಹಿಂದಕ ಹಾಲು ಮೊಸರಿಡೋ ಕಪಾಟಿನ ಕಾಲ ತೆಳಗ ನೀರಿನ ಬಟ್ಟಲ ಇಡ್ತಿದ್ರು, ನೋಡಿಯೇನು? ಚಪ್ಪರದ ಕಾಲಿಗೂ ಹಂಗ ಮಾಡು. ಡ್ರಮ್ಮಿನ ತೆಳಗ ಇಟ್ಟಂಗಿ ಇಟ್ಟು ನೀರಿನ ತಟ್ಟಿ ಇಡು.'

ಭಾನುವಾರ ಪ್ರಕಾಶನ ಕೈಯಲ್ಲಿ ಡ್ರಮ್ಮು ಎತ್ತಿಸಿ ಎಲ್ಲದಕ್ಕೂ ನೀರಿನ ಕಂದಕ ಮಾಡಿದೆವು. ಸಂಜೆ ನೋಡಿದರೆ ಇರುವೆಗಳು ಮೊದಲಿನಷ್ಟೇ ನೆಮ್ಮದಿಯಾಗಿ ಓಡಾಡಿಕೊಂಡಿವೆ. ಕೆಳಗೆ ಬಂದು ಸೋತೆ ಎಂದೆ.

'ನೀರಿಲ್ಲದ ದಾರಿ ಇನ್ನೊಂದು ಐತಿ. ಹುಡುಕು' ಎಂದರು ಮಾವ, ಕೂತಲ್ಲಿಂದಲೇ.

ಹುಡುಕಿದೆ. ಬಟ್ಟೆ ಒಣಹಾಕುವ ತಂತಿ! ಅದರ ಒಂದು ತುದಿ ಚಪ್ಪರದ ಪೈಪಿಗೇ ಕಟ್ಟಿತ್ತು. ಪ್ಯಾರಾಪೆಟ್ಟಿನಿಂದ ಹೊರಟ ಸಾಲು ನನ್ನ ಚೂಡಿದಾರದ ಮೇಲಿಂದ ಹಾದು ಅವರೆಗೆ ಹೋಗುತ್ತಿತ್ತು. ತಂತಿ ಬಿಚ್ಚಿದೆ. ಗೋಡೆಗೆ ತಾಗುತ್ತಿದ್ದ ಕುಡಿಗಳನ್ನು ಕತ್ತರಿಸಿದೆ. ಚಪ್ಪರ ದ್ವೀಪವಾಯಿತು.

ಆಮೇಲಿನ ಎರಡು ವಾರ ನಾನು ಮಾಡಿದ ಕೆಲಸ ಕಡಿಮೆ. ತಟ್ಟೆಗಳಿಗೆ ನೀರು ತುಂಬಿಸುವುದು, ನೋಡುವುದು, ಕೆಳಗೆ ಬಂದು ಹೇಳುವುದು. ಕಾವಲಿಲ್ಲದ ಹೇನುಗಳನ್ನು ಮುಳ್ಳುಮರಿಗಳು ಮೇಯ್ದುಬಿಟ್ಟವು. ಚಳಿ ಹಿಡಿದು ಆಕಾಶ ತೊಳೆದಂತಾಯಿತು. ಹೊಸ ಕುಡಿಗಳು ಹಸಿರಾಗಿಯೇ ಉಳಿದವು, ಹೂ ಬಿಟ್ಟಿತು, ಹೂ ಕಾಯಾಯಿತು. ಹೇನು ಪೂರ್ತಿ ಹೋಗಲಿಲ್ಲ. ಅಲ್ಲೊಂದು ಇಲ್ಲೊಂದು ಕುಡಿಯಲ್ಲಿ ಇದ್ದೇ ಇದ್ದವು. 'ಇರ್ಲಿ, ಹುಳಕ್ಕೂ ಊಟ ಬೇಕಲ್ಲ' ಎಂದರು ಮಾವ.

ಎಳ್ಳಮಾಸಿಯ ಬೆಳಿಗ್ಗೆ ಅತ್ತೆ ನಮ್ಮದೇ ಬಳ್ಳಿಯ ಅವರೆ ಬಿಡಿಸಿ ಭಜ್ಜಿಗೆ ಹಾಕಿದರು. ಮನೆತುಂಬ ಸಜ್ಜೆ ರೊಟ್ಟಿಯ, ಎಳ್ಳಿನ ಪರಿಮಳ. ಮಾವ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಧೋತರ ಉಟ್ಟು, ವಿಭೂತಿ ಹಚ್ಚಿಕೊಂಡು ಮೆಟ್ಟಿಲ ಬುಡಕ್ಕೆ ಬಂದು ನಿಂತರು.

'ಅಪ್ಪಾ, ನೀವು ಬ್ಯಾಡ' ಎಂದ ಪ್ರಕಾಶ. 'ಇವತ್ತೂ ಬಂಡೆ ಒಡೆಯಾಕತ್ತಾರ. ಚರಗ ನಾ ಚೆಲ್ತೀನಿ. ನೀವು ಕಿಟಕಿಯಾಗಿಂದ...' ಎಂದವನು ಅಲ್ಲಿಗೇ ನಿಲ್ಲಿಸಿದ. ಕಿಟಕಿ ಮುಚ್ಚಿತ್ತಲ್ಲ.

ಮಾವ ಮಗನನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಜಗಳವಾಡಲಿಲ್ಲ. 'ಆತು' ಎಂದು ಹಿಂದಿರುಗಿ ಕುರ್ಚಿಯಲ್ಲಿ ಕೂತು ಕೈಗಡಿಯಾರ ನೋಡಿಕೊಂಡರು. ಕಾರ್ಖಾನೆಯಿಂದ ಬಂದ ಹೊಸದರಲ್ಲಿ ಕೂತಿದ್ದ ಹಾಗೆಯೇ. ನನಗೆ ಅದು ತಡೆಯಲಾಗಲಿಲ್ಲ. ಬಳ್ಳಿ ಉಳಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಆರು ವಾರ ಬೆವರು ಸುರಿಸಿದ್ದೆ. ಬಳ್ಳಿ ಉಳಿದಿತ್ತು, ಏನೂ ಸರಿಹೋಗಿರಲಿಲ್ಲ. ಅವರನ್ನು ಆ ಕುರ್ಚಿಗೆ ಕಟ್ಟಿಹಾಕಿದ್ದು ಧೂಳಲ್ಲ, ನಾನು.

'ಧೂಳಿನಿಂದ ಆಗಿದ್ದಲ್ಲ ಮಾವ' ಎಂದೆ. 'ಅವತ್ತು ಬೆಳಿಗ್ಗೆ ನಾನು ಬಳ್ಳಿಗೆ ವಿಷ ಹೊಡೆದಿದ್ದೆ. ನಿಮಗೆ ಹೇಳಲಿಲ್ಲ. ಡಾಕ್ಟರಿಗೂ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ.'

ಅತ್ತೆಯ ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು. ಪ್ರಕಾಶ ನನ್ನನ್ನು ನೋಡಿದ ನೋಟ ಇಂದಿಗೂ ಮರೆತಿಲ್ಲ. 'ಏನಂದಿ? ನಾ ಆ ಮೇಸ್ತ್ರಿಗೆ ದಿನಾ...' ಎಂದು ಶುರು ಮಾಡಿದವನು ಹೊರಗೆ ನಡೆದ.

ಮಾವ ಕೇಳಿದರು: 'ಎಷ್ಟು ನೀರಿಗೆ ಎಷ್ಟು ಔಷಧ?'

ಹೇಳಿದೆ. ಒಂದು ಮುಚ್ಚಳ ಹೆಚ್ಚು ಹಾಕಿದ್ದನ್ನೂ ಹೇಳಿದೆ.

'ಗಾಳಿ ಯಾ ಕಡಿಂದ ಇತ್ತು? ಬಾಯಿಗೆ ಬಟ್ಟಿ ಕಟ್ಟಿಕೊಂಡಿದ್ಯಾ?'

'ಇಲ್ಲ.'

'ನಿನಗ ಏನೂ ಆಗಲಿಲ್ಲಲ್ಲ?'

ನಾನು ಅಳತೊಡಗಿದೆ. ಅವರು ಅಳುವುದಕ್ಕೆ ಬಿಟ್ಟರು. ಸಮಾಧಾನ ಮಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಗಟ್ಟಿ ದನಿಯಲ್ಲಿ ಹೇಳಿದರು: 'ಬಳ್ಳಿ ಉಳಿಸಿದಿ ಅಂತ ಇದು ಮಾಫ್ ಆಗಂಗಿಲ್ಲ ಶೈಲಾ. ತಪ್ಪು ಎಲ್ಲರ ಕೈಲೂ ಆಗ್ತದ. ಮುಚ್ಚಿಟ್ರ ಅದು ಮುಂದ ಯಾರಿಗೆ ಹೋಗಿ ಹತ್ತತೈತೋ ಗೊತ್ತಾಗಂಗಿಲ್ಲ. ಎರಡು ತಿಂಗಳಾತು, ಈ ಖೋಲ್ಯಾಗ ನಾ ಗಾಳಿ ಕಂಡಿಲ್ಲ.' ಆಮೇಲೆ ಅತ್ತೆಯ ಕಡೆಗೆ ತಿರುಗಿ, 'ಕಿಟಕಿ ತೆಗಿ ಗುರಮ್ಮಾ' ಎಂದರು.

ಅತ್ತೆ ನನ್ನ ಮುಖ ನೋಡದೆ ಹೋಗಿ ಒಂದೊಂದೇ ಕಿಟಕಿ ತೆಗೆದರು. ಚಿಲಕಗಳು ಬಿಗಿದುಹೋಗಿದ್ದವು. ತಣ್ಣನೆಯ ಗಾಳಿ ಬಂತು.

ಮಾವ ಚರಗದ ಬುಟ್ಟಿ ತಾವೇ ತೆಗೆದುಕೊಂಡರು. ನೀರಿನ ಚೊಂಬು ನೆಲದ ಮೇಲಿತ್ತು, ಪ್ರಕಾಶ ಹಿಡಿಯಬೇಕಾದದ್ದು. ಅವನು ಗೇಟಿನ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದ. ಮಾವ ಚೊಂಬನ್ನು ಎತ್ತಿ ನನ್ನ ಕೈಗೆ ಕೊಟ್ಟರು.

'ಬೆಳಿ ಕಾದಾಕಿ ನೀ. ಹಿಂದ ನೀನ ಬರಬೇಕು.'

ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತ ಹತ್ತಿದರು. ನಾನು ಅವರ ಹಿಂದೆ. ಮೇಲೆ ಹೋಗಿ ಚಪ್ಪರದ ಕೆಳಗೆ ನಿಂತು ಒಂದು ಎಲೆ ಮಗುಚಿ ಬೆನ್ನು ನೋಡಿದರು, ಇನ್ನೊಂದು ಎಲೆ ನೋಡಿದರು. ಎಡೆ ಇಟ್ಟು ಕೈಮುಗಿದು, ಬುಟ್ಟಿಯಿಂದ ಹಿಡಿ ತುಂಬಿ ಚೆಲ್ಲುತ್ತ ಹೊರಟರು. ನಮ್ಮ ಹೊಲ ಎಷ್ಟೆಂದರೆ ಒಂದು ಸುತ್ತಿಗೆ ಹದಿನಾಲ್ಕು ಹೆಜ್ಜೆ. ಅವರು ದನಿಯೆತ್ತಿ ಕೂಗಿದರು. ಆ ದನಿ ಅವರದೆಂದು ನಂಬಲಾಗಲಿಲ್ಲ. ನಾನು ನೀರು ಚಿಮುಕಿಸುತ್ತ ತುಟಿಯಲ್ಲೇ ಓಗೊಟ್ಟೆ.

ಮಾವ ನಿಂತು ತಿರುಗಿದರು.

'ಬಾಯಿ ಬಿಟ್ಟು ಅನ್ನವ್ವಾ. ಹೊಲಕ್ಕ ಕೇಳಬೇಕು.'

ಎರಡನೆಯ ಸುತ್ತಿನಲ್ಲಿ ನಾನು ಎದೆತುಂಬ ಉಸಿರು ತೆಗೆದುಕೊಂಡು ಓಗೊಟ್ಟೆ. ಬಂಡೆ ಒಡೆಯುತ್ತಿದ್ದವರು ಸುತ್ತಿಗೆ ನಿಲ್ಲಿಸಿ ಮೇಲೆ ನೋಡಿದರು.